ದೋಷ ಸಂದೇಶವನ್ನು ಮಕ್ಕಳೇ ಓದಲಿ

ನಿಪ್ಪಾಣಿಯ ಪ್ರಥಮ ಪಿಯು ತರಗತಿಯೊಂದಕ್ಕೆ ಜಾವಾಸ್ಕ್ರಿಪ್ಟ್ ಮಾಡ್ಯೂಲ್ ಕುರಿತು ನಾನು ಕೊಟ್ಟ ಅಭ್ಯಾಸ ಪಾಠ ಪೂರ್ತಿ ಕೆಟ್ಟಿತು. ಹಲಗೆಯ ಮೇಲಿನ ಕೋಡ್ ಸರಿ ಇತ್ತು, ಪರದೆಗಳು ಮಾತ್ರ ಖಾಲಿ. ಮಕ್ಕಳು ಎಚ್‌ಟಿಎಂಎಲ್ ಕಡತವನ್ನು ಡಬಲ್ ಕ್ಲಿಕ್ ಮಾಡಿ ತೆರೆದಿದ್ದರು. ಹಾಗೆ ತೆರೆದರೆ ಬ್ರೌಸರ್ ಭದ್ರತೆಯ ಕಾರಣಕ್ಕೆ ಮಾಡ್ಯೂಲ್ ಕಡತವನ್ನು ಒಳಗೆ ಬಿಡುವುದಿಲ್ಲ, ಸ್ಥಳೀಯ ಸರ್ವರ್ ಬೇಕು. ನನ್ನ ಲ್ಯಾಪ್‌ಟಾಪಿನಲ್ಲಿ ಎಡಿಟರೇ ಅದನ್ನು ನಡೆಸುತ್ತಿತ್ತು, ಹೀಗಾಗಿ ನನಗದು ಹೊಳೆದಿರಲೇ ಇಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ‘ನನಗ ಇದು ಬರೂದಿಲ್ರಿ ಸರ್’ ಅಂದು ವಹಿ ಮುಚ್ಚಿದಳು. ಅವಳ ಕೋಡಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ನಮ್ಮ ಪಾಠಯೋಜನೆಯ ನಮೂನೆಯಲ್ಲಿ ಉದ್ದೇಶಕ್ಕೆ, ಚಟುವಟಿಕೆಗೆ, ಮೌಲ್ಯಮಾಪನಕ್ಕೆ ಅಂಕಣಗಳಿವೆ. ತಪ್ಪಿಗೆ ಒಂದು ಅಂಕಣವಿಲ್ಲ. ಆದ್ದರಿಂದ ನಾವು ಪ್ರಶಿಕ್ಷಣಾರ್ಥಿಗಳು ಸರಿಯಾದದ್ದನ್ನೇ ಬರೆಯುತ್ತೇವೆ, ಮಕ್ಕಳು ಅದನ್ನೇ ನಕಲು ಮಾಡುತ್ತಾರೆ. ಇಂಪೋರ್ಟ್, ಎಕ್ಸ್‌ಪೋರ್ಟ್ ಹಾಗೆ ಬರುವಂಥವಲ್ಲ.

ಮುಂದೆ ರಾಯಬಾಗದಲ್ಲಿ ಕೆಟ್ಟ ಕೋಡಿನಿಂದಲೇ ಪಾಠ ಶುರು ಮಾಡಿದೆ. ಕಬ್ಬಿನ ಟನ್ನು, ದರ ಕೊಟ್ಟರೆ ಬಿಲ್ಲು ಹೇಳುವ ಫಂಕ್ಷನ್ ಒಂದು ಕಡತದಲ್ಲಿ. ಅದನ್ನು ತರಿಸಿಕೊಳ್ಳುವ ಸಾಲು ಇನ್ನೊಂದರಲ್ಲಿ. ಫಂಕ್ಷನ್ನನ್ನು ಡಿಫಾಲ್ಟ್ ಆಗಿ ಕಳಿಸಿ, ಬೇಕೆಂದೇ ಕರ್ಲಿ ಬ್ರ್ಯಾಕೆಟ್ಟಿನೊಳಗೆ ಕರೆದಿದ್ದೆ. ಕನ್ಸೋಲಿನಲ್ಲಿ ಕೆಂಪು ಸಾಲು ಬಂತು: ಆ ಹೆಸರಿನ ಎಕ್ಸ್‌ಪೋರ್ಟ್ ಈ ಕಡತದಲ್ಲಿಲ್ಲ. ನಾನು ತಿದ್ದಲಿಲ್ಲ, ಗಟ್ಟಿಯಾಗಿ ಓದಿಸಿದೆ.

ಆಮೇಲೆ ಹೇಳಿದೆ: ಡಿಫಾಲ್ಟ್ ಎಂದರೆ ಮನೀ ಹಿರಿಯಾ ಇದ್ದಂಗ. ಕಡತಕ್ಕೆ ಒಬ್ಬನೇ. ಅವನನ್ನು ಒಬ್ಬರು ಕಾಕಾ ಅನ್ನಲಿ, ಇನ್ನೊಬ್ಬರು ಮಾಮಾ ಅನ್ನಲಿ, ಬರುವವನು ಅವನೇ, ಬ್ರ್ಯಾಕೆಟ್ ಬೇಡ. ಹೆಸರಿಟ್ಟು ಕಳಿಸಿದ್ದು ಹಾಜರಿ ಪುಸ್ತಕದ ಹೆಸರು. ಬ್ರ್ಯಾಕೆಟ್ಟಿನೊಳಗೆ, ಅದೇ ಸ್ಪೆಲ್ಲಿಂಗಿನಲ್ಲಿ ಕೂಗಬೇಕು. ಅಡ್ಡಹೆಸರು ಬೇಕಿದ್ದರೆ ‘ಆ್ಯಸ್’ ಇದೆ. ಕನ್ನಡ, ಮರಾಠಿ ಎರಡೂ ಆಡುವ ಆ ಮಕ್ಕಳಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಕಾಗಲಿಲ್ಲ.

ಉಳಿದ ತಪ್ಪುಗಳು ಸಣ್ಣವು, ಆದರೆ ಸತಾಯಿಸುತ್ತವೆ. ಸ್ಕ್ರಿಪ್ಟ್ ಟ್ಯಾಗಿನಲ್ಲಿ ಟೈಪ್ ಮಾಡ್ಯೂಲ್ ಎಂದು ಬರೆಯದಿರುವುದು, ಪಕ್ಕದ ಕಡತದ ಹೆಸರಿನ ಮುಂದೆ ಚುಕ್ಕೆ-ಓರೆಗೆರೆ ಬಿಡುವುದು, ಕೊನೆಯ ಡಾಟ್ ಜೆಎಸ್ ಮರೆಯುವುದು. ದೊಡ್ಡಕ್ಷರ, ಸಣ್ಣಕ್ಷರ ಅದಲುಬದಲಾದರೆ ವಿಂಡೋಸ್ ಸಾಮಾನ್ಯವಾಗಿ ಸುಮ್ಮನಿರುತ್ತದೆ, ಲಿನಕ್ಸ್ ಸರ್ವರಿಗೆ ಏರಿಸಿದಾಗ ಕಡತವೇ ಸಿಗುವುದಿಲ್ಲ. ಅಂತರ್ಜಾಲದ ಹಳೆಯ ಉದಾಹರಣೆ ನಕಲಿಸಿದವರ ಕೋಡಿನಲ್ಲಿ ‘ರಿಕ್ವೈರ್’ ನುಸುಳಿರುತ್ತದೆ. ಅದು ನೋಡ್‌ನ ಪದ್ಧತಿ; ಬ್ರೌಸರಿಗೆ ತಿಳಿದಿರುವುದು 2015ರಲ್ಲಿ ಭಾಷೆಯ ಮಾನಕಕ್ಕೆ ಸೇರಿದ ಇಂಪೋರ್ಟ್ ಮಾತ್ರ.

ತರಗತಿಯಲ್ಲಿ ಕೆಂಪು ಸಾಲು ಕಂಡೊಡನೆ ವೀಕ್ಷಣಾ ಪುಸ್ತಕದಲ್ಲಿ ಅಂಕ ಕಳೆಯಬಾರದೆಂದು ಮಾರ್ಗದರ್ಶಕ ಉಪನ್ಯಾಸಕರಲ್ಲಿ ನನ್ನ ವಿನಂತಿ. ಆ ಸಾಲನ್ನು ಮಕ್ಕಳಿಂದ ಓದಿಸಿದೆವೋ ಇಲ್ಲವೋ ಎಂಬುದಕ್ಕೆ ಅಂಕ ಕೊಡಲಿ. ಅಥಣಿ, ಕಾಗವಾಡದ ಕಡೆ ಹೊರಟ ಗೆಳೆಯರು ಹಿಂದಿನ ದಿನವೇ ಅಲ್ಲಿನ ಲ್ಯಾಬಿಗೆ ಹೋಗಿ, ಅಲ್ಲಿಯ ಯಂತ್ರದಲ್ಲೇ ಕೋಡ್ ನಡೆಸಿ ನೋಡಿರಿ. ಪೈಥಾನ್ ಇದ್ದರೆ ಒಂದೇ ಸಾಲಿನ ಆಜ್ಞೆಗೆ ಸರ್ವರ್ ಏಳುತ್ತದೆ, ಇಂಟರ್‌ನೆಟ್ ಬೇಕಿಲ್ಲ. ನಿಪ್ಪಾಣಿಯ ಆ ತರಗತಿಗೆ ಮತ್ತೆ ಹೋಗುವ ಪಾಳಿ ನನಗೆ ಬರಲಿಲ್ಲ.