ಎತ್ತಿನ ಹಲ್ಲು ನೋಡುತ್ತೇವೆ, ಮನೆಯ ಗೋಡೆ ನೋಡುವುದಿಲ್ಲ

ಸಂತೆಯಲ್ಲಿ ಎತ್ತು ಕೊಳ್ಳುವಾಗ ನಮ್ಮೂರವರು ಹಲ್ಲು ನೋಡುತ್ತಾರೆ, ಗೊರಸು ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ದನದ ಲಕ್ಷಣ ಬಲ್ಲ ಹಿರಿಯರೊಬ್ಬರು ಜೊತೆಗಿದ್ದೇ ಇರುತ್ತಾರೆ. ಅದೇ ಜನ ಮಕ್ಕಳ ಓದಿಗೆಂದು ತಾಲ್ಲೂಕು ಕೇಂದ್ರದಲ್ಲಿ ಮನೆ ಕೊಳ್ಳುವಾಗ ಟೈಲ್ಸ್ ಹೊಳಪು, ಬಾಗಿಲಿನ ದಿಕ್ಕು ನೋಡಿ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ.

ನಮ್ಮ ಬಳಗದ ಒಬ್ಬರ ಮನೆಯವರೂ ಹೀಗೇ ಮಾಡಿದರು. ಬೇಸಿಗೆಯಲ್ಲಿ ಹೊಸ ಬಣ್ಣ ಬಳಿದ ಮನೆ ಕೊಂಡರು. ಇಸಿ ತೆಗೆಸಿದ್ದರು, ವಕೀಲರಿಗೆ ಕಾಗದ ತೋರಿಸಿದ್ದರು, ಬ್ಯಾಂಕಿನವರೂ ಬಂದು ನೋಡಿ ಸಾಲ ಕೊಟ್ಟಿದ್ದರು. ಮೊದಲ ಮಳೆಗೇ ಗೋಡೆ ಒದ್ದೆ. ದೀಪಾವಳಿ ಹೊತ್ತಿಗೆ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು. ಮಾರಿದವರು ಫೋನ್ ಎತ್ತುವುದನ್ನೇ ಬಿಟ್ಟರು.

ಇಸಿಯಲ್ಲಿ ಆಸ್ತಿಯ ನೋಂದಾಯಿತ ವ್ಯವಹಾರ ಇರುತ್ತದೆ, ಗೋಡೆಯ ಕಥೆ ಇರುವುದಿಲ್ಲ. ಬ್ಯಾಂಕಿನ ವ್ಯಾಲ್ಯುಯರ್ ನೋಡುವುದು ಸಾಲಕ್ಕೆ ತಕ್ಕ ಬೆಲೆ ಇದೆಯೇ ಎಂದು. ಫೀಸು ನಮ್ಮದಾದರೂ ವರದಿ ಬ್ಯಾಂಕಿಗೆ.

ರೇರಾ ಇದೆಯಲ್ಲ ಎನ್ನುತ್ತೀರಾ? 2016ರ ಆ ಕಾಯ್ದೆಯ ಪ್ರಕಾರ ಮನೆ ಕೈಗೆ ಬಂದ 5 ವರ್ಷದೊಳಗೆ ಕಟ್ಟಡದ ದೋಷ ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ಆದರೆ 500 ಚದರ ಮೀಟರ್ ಮೀರದ ಜಾಗದ ಯೋಜನೆಗೆ ರೇರಾ ನೋಂದಣಿಯೇ ಬೇಕಿಲ್ಲ. ನಮ್ಮ ಕಡೆಯ 30-40 ಸೈಟು ಸುಮಾರು 111 ಚದರ ಮೀಟರ್. ಅಂಥ ಒಂದು ಸೈಟಿನಲ್ಲಿ ಕಟ್ಟಿ ಮಾರುವ ಮನೆ ಕೊಳ್ಳುವವರು ರೇರಾ ನೆಚ್ಚಿ ಕೂರುವಂತಿಲ್ಲ.

ಹಾಗಾಗಿ ಅಡ್ವಾನ್ಸಿಗೆ ಮೊದಲೇ ನಮ್ಮ ದುಡ್ಡಿನಲ್ಲಿ ನಮ್ಮದೇ ಸಿವಿಲ್ ಎಂಜಿನಿಯರ್ ಕರೆದೊಯ್ಯಬೇಕು ಎಂಬುದು ನಮ್ಮ ವಾದ. ಬ್ರೋಕರ್ ತೋರಿಸಿದವರು ಬೇಡ, ಮುಂದೆ ರಿಪೇರಿ ಗುತ್ತಿಗೆ ಹಿಡಿಯುವವರೂ ಬೇಡ. ಅವರು ಪ್ಲಾಸ್ಟರ್ ತಟ್ಟಿ ಟೊಳ್ಳು ಸದ್ದು ಕೇಳುತ್ತಾರೆ. ಬಚ್ಚಲಲ್ಲಿ ನೀರು ನಿಲ್ಲಿಸಿ ಮರುದಿನ ಕೆಳಗಿನ ಚಾವಣಿ ನೋಡುತ್ತಾರೆ. ಅರ್ಥಿಂಗ್ ಇದೆಯೇ, ಸಂಪು ಸೋರುತ್ತಿದೆಯೇ ಎಂದು ಪರೀಕ್ಷಿಸುತ್ತಾರೆ. ಎರೆಮಣ್ಣಿನ ಜಾಗವಾದರೆ ಪಾಯದ ಬಗ್ಗೆ ಕೇಳಲೇಬೇಕು. ಆ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ವರದಿ ಬರಹದಲ್ಲಿ, ಫೋಟೋ ಸಮೇತ ಇರಲಿ. ಅದನ್ನು ಮುಂದಿಟ್ಟು ಚೌಕಾಸಿಯನ್ನೂ ಮಾಡಬಹುದು.

ಇಷ್ಟು ದುಡ್ಡು ಹಾಕುವಾಗ ಇನ್ನೊಬ್ಬರಿಗೆ ಫೀಸು ಯಾಕೆ ಎಂದು ನಮ್ಮ ಮನೆಗಳಲ್ಲೇ ಕೇಳಿದ್ದಾರೆ. ಗೃಹಪ್ರವೇಶದ ಶಾಮಿಯಾನಕ್ಕೆ ಯಾರೂ ಹಾಗೆ ಕೇಳಿದ್ದಿಲ್ಲ.

ಆ ಮನೆಗೆ ಕೊನೆಗೂ ಒಬ್ಬ ಎಂಜಿನಿಯರ್ ಬಂದರು. ಕಿಟಕಿ ಪಕ್ಕದ ಬಣ್ಣ ಕೆರೆದರೆ, ಹಳೇ ಬಿರುಕಿಗೆ ಪುಟ್ಟಿ ತುಂಬಿದ್ದು ಕಂಡಿತು. ಇಎಂಐ ಕಟ್ಟಲು ಶುರುಮಾಡಿ ಆಗಲೇ ಏಳು ತಿಂಗಳಾಗಿತ್ತು.