ಮೇರಿ ಕ್ಯೂರಿಯ ತವರಿನ ದಾರಿ

ಕ್ಯೂರಿ ದಂಪತಿಗಳು ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಪ್ಯಾರಿಸಿನ ಆ ಸೋರುವ ಷೆಡ್ಡು. ಕುದಿಯುವ ಕೊಪ್ಪರಿಗೆ, ಹೆಚ್ಚುಕಡಿಮೆ ತನ್ನಷ್ಟೇ ಎತ್ತರದ ಕಬ್ಬಿಣದ ಸಲಾಕೆ ಹಿಡಿದು ಅದನ್ನು ಕಲಕುತ್ತ ನಿಂತಿರುವ ಮೇರಿ, ಪಕ್ಕದ ಮೇಜಿನ ಮೇಲೆ ಬಾಗಿ ಅಳತೆಯ ಉಪಕರಣವನ್ನು ದಿಟ್ಟಿಸುತ್ತಿರುವ ಪಿಯರ್. ಆ ಇಬ್ಬರು ಅಲ್ಲಿಂದ ಕದಲಲೇ ಇಲ್ಲವೇನೋ ಎನ್ನಿಸುತ್ತದೆ. ಆದರೆ ಷೆಡ್ಡಿಗೆ ಬೀಗ ಹಾಕಿ ಅವರು ರೈಲು ಹತ್ತಿದ ದಿನಗಳೂ ಉಂಟು. ಯಾರನ್ನು ನೋಡಲು ಹೋದರು, ಯಾವಾಗ ಹೋಗಲಾರದೆ ಉಳಿದರು ಎಂಬುದನ್ನು ಅವರ ಕಿರಿಯ ಮಗಳು ಈವ್ ಕ್ಯೂರಿ 1937ರಲ್ಲಿ ಪ್ರಕಟಿಸಿದ ತಾಯಿಯ ಜೀವನಚರಿತ್ರೆಯಲ್ಲಿ ಬರೆದಿದ್ದಾಳೆ. ರೇಡಿಯಂ ಕಥೆಯನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗಳಿಗೂ ಈ ಕಥೆ ಗೊತ್ತಿರುವುದು ಕಡಿಮೆ.

ಮೊದಲನೆಯದಾಗಿ, ಅವರಿಬ್ಬರ ಪರಿಚಯವಾದದ್ದೇ ಇನ್ನೊಬ್ಬ ದಂಪತಿಗಳ ಪ್ರವಾಸದಿಂದ. ಸ್ವಿಟ್ಜರ್‌ಲೆಂಡಿನ ಫ್ರಿಬೂರ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಕೊವಾಲ್ಸ್ಕಿ ಎಂಬ ಪೋಲಿಷ್ ವಿಜ್ಞಾನಿ 1894ರಲ್ಲಿ ಹೊಸ ಹೆಂಡತಿಯನ್ನು ಕರೆದುಕೊಂಡು ಪ್ಯಾರಿಸಿಗೆ ಬಂದ. ಮಧುಚಂದ್ರವೂ ಆಯಿತು, ವಿಜ್ಞಾನಿಗಳ ಭೇಟಿಯೂ ಆಯಿತು ಎಂಬ ಲೆಕ್ಕ. ಆತನ ಹೆಂಡತಿಗೆ ಮೇರಿ ಮೊದಲೇ ಪರಿಚಿತಳು. ಊರಿನವರೆಂದು ಮೇರಿ ಅವರನ್ನು ನೋಡಲು ಹೋದಳು. ಪ್ರಯೋಗ ಮಾಡಲು ತನಗೆ ಜಾಗ ಸಾಲದೆಂದು ಮಾತಿಗೆ ಹೇಳಿದಳು. ಜಾಗದ ವಿಷಯ ಬಲ್ಲವನೊಬ್ಬನಿದ್ದಾನೆ, ನಾಳೆ ಚಹಕ್ಕೆ ಬಾ ಎಂದ ಕೊವಾಲ್ಸ್ಕಿ. ಆ ಬಲ್ಲವನೇ ಪಿಯರ್ ಕ್ಯೂರಿ. ಜಾಗವೇನೂ ಧಾರಾಳವಾಗಿ ಸಿಗಲಿಲ್ಲವೆನ್ನಿ!

ಆ ಹೊತ್ತಿಗೆ ಮೇರಿ ಪ್ಯಾರಿಸಿಗೆ ಬಂದು ಮೂರು ವರ್ಷವೂ ತುಂಬಿರಲಿಲ್ಲ. ಆಕೆಯ ಹುಟ್ಟುಹೆಸರು ಮಾರ್ಯಾ ಸ್ಕ್ಲೊಡೊವ್ಸ್ಕಾ. 1867ರಲ್ಲಿ ವಾರ್ಸಾದಲ್ಲಿ ಹುಟ್ಟಿದವಳು. ತಂದೆ ಭೌತಶಾಸ್ತ್ರ, ಗಣಿತಗಳ ಉಪಾಧ್ಯಾಯರು. ತಾಯಿ ಕ್ಷಯದಿಂದ 1878ರಲ್ಲಿ ತೀರಿಕೊಂಡಿದ್ದರು. ಅಲ್ಲಿನ ವಿಶ್ವವಿದ್ಯಾಲಯಕ್ಕೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಹೀಗಾಗಿ ಅಕ್ಕತಂಗಿಯರು ಒಂದು ಒಪ್ಪಂದ ಮಾಡಿಕೊಂಡರು: ಅಕ್ಕ ಬ್ರೋನ್ಯಾ ಮೊದಲು ಪ್ಯಾರಿಸಿಗೆ ಹೋಗಿ ವೈದ್ಯಕೀಯ ಓದುವುದು, ತಂಗಿ ಸಿರಿವಂತರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿ ಹಣ ಕಳಿಸುವುದು, ಆಮೇಲೆ ಅಕ್ಕನ ಸರದಿ. ಇಂಥ ಒಪ್ಪಂದಗಳು ಎಷ್ಟೋ ಮನೆಗಳಲ್ಲಿ ನಡೆಯುತ್ತವೆ. ಎರಡನೆಯ ಅರ್ಧ ನಡೆಯುವುದು ಅಪರೂಪ. ಇಲ್ಲಿ ನಡೆಯಿತು. 1891ರಲ್ಲಿ ಮೇರಿ ಹೊರಟಳು. ಜರ್ಮನಿಯ ನಾಲ್ಕನೇ ದರ್ಜೆಯ ಡಬ್ಬಿಯಲ್ಲಿ ಕೂರಲು ಬೆಂಚುಗಳಿರಲಿಲ್ಲವಾದ್ದರಿಂದ ಮಡಿಸುವ ಕುರ್ಚಿಯೊಂದನ್ನು ಮನೆಯಿಂದಲೇ ಒಯ್ದಿದ್ದಳು. ಜತೆಗೆ ಹಾಸಿಗೆ, ಹೊದಿಕೆ, ದಾರಿಗಾಗುವಷ್ಟು ತಿಂಡಿ. ಓದು ಮುಗಿದ ಮೇಲೆ ವಾರ್ಸಾಕ್ಕೆ ಮರಳಿ, ಉಪಾಧ್ಯಾಯಿನಿಯಾಗಿ, ವಯಸ್ಸಾದ ತಂದೆಯ ಜತೆ ಇರುವುದು ಎಂಬುದೇ ಆಕೆಯ ಎಣಿಕೆ.

ಈ ಎಣಿಕೆಯನ್ನು ತಪ್ಪಿಸಿದವನು ಪಿಯರ್. 1894ರ ಬೇಸಗೆಯಲ್ಲಿ ಮೇರಿ ಊರಿಗೆ ಹೋದಾಗ ಮರಳಿ ಬರುತ್ತಾಳೋ ಇಲ್ಲವೋ ಎಂಬುದು ನಿಶ್ಚಯವಿರಲಿಲ್ಲ. ಆತ ಕಾಗದದ ಮೇಲೆ ಕಾಗದ ಬರೆದ. ಬೇಕಾದರೆ ತಾನೇ ಪೋಲೆಂಡಿಗೆ ಬಂದು ಫ್ರೆಂಚ್ ಪಾಠ ಹೇಳಿಕೊಂಡಿರಲೂ ಸಿದ್ಧ ಎಂದ. ಆ ಹೊತ್ತಿಗೇ ಹೆಸರು ಮಾಡಿದ್ದ ಭೌತವಿಜ್ಞಾನಿ ಹೀಗೆನ್ನುವುದು ಸಣ್ಣ ಮಾತಲ್ಲ. ಅಂತೂ ಮೇರಿ ಬಂದಳು. 1895ರ ಜುಲೈ 26ರಂದು ಪ್ಯಾರಿಸ್ ಸಮೀಪದ ಸೋ ಎಂಬ ಊರಿನಲ್ಲಿ ಸರಳವಾಗಿ ಮದುವೆಯಾಯಿತು. ವಾರ್ಸಾದಿಂದ ತಂದೆಯೂ ಇನ್ನೊಬ್ಬ ಅಕ್ಕ ಹೆಲೆನಾಳೂ ಬಂದಿದ್ದರು. ಉಡುಗೊರೆಯ ಹಣದಲ್ಲಿ ಎರಡು ಸೈಕಲ್ ಕೊಂಡು ದಂಪತಿಗಳು ಹಳ್ಳಿಗಾಡು ಸುತ್ತಿದರು. ಆಮೇಲೆ ಶಾಂತಿಯಿ ಎಂಬಲ್ಲಿನ ತೋಟದ ಮನೆಯೊಂದರಲ್ಲಿ ಮಾವ, ನಾದಿನಿಯರು, ಷಡ್ಡಕ ಎಲ್ಲರ ಜತೆ ಪಿಯರ್ ರಜೆ ಕಳೆದ. ಹೊಸ ಅಳಿಯ ಪೋಲಿಷ್ ಭಾಷೆಯನ್ನೂ ಕಲಿಯತೊಡಗಿದ. ಪ್ಯಾರಿಸಿನಲ್ಲಿ ಅದರಿಂದ ಕಾಸಿನ ಪ್ರಯೋಜನವಿಲ್ಲ. ಮಾವನ ಮನೆಯ ಮಾತು ಅದು, ಅಷ್ಟೆ.

ಇಲ್ಲಿ ಸ್ವಲ್ಪ ನಕ್ಷೆಯ ವಿಚಾರ ಹೇಳಬೇಕು. ಆಗ ಯೂರೋಪಿನ ನಕ್ಷೆಯಲ್ಲಿ ಪೋಲೆಂಡ್ ಎಂಬ ದೇಶವೇ ಇರಲಿಲ್ಲ. 1795ರಲ್ಲಿ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳು ಅದನ್ನು ಪೂರ್ತಿಯಾಗಿ ಹಂಚಿಕೊಂಡಿದ್ದವು; ಮತ್ತೆ ಸ್ವತಂತ್ರ ದೇಶವಾದದ್ದು 1918ರಲ್ಲಿ. ವಾರ್ಸಾ ರಷ್ಯಾದ ಕೈಯಲ್ಲಿತ್ತು. ಬ್ರೋನ್ಯಾಳ ಗಂಡ ಕಾಜಿಮಿರ್ ದ್ಲುಸ್ಕಿ ಕೂಡ ವೈದ್ಯ. ಆದರೆ ರಾಜಕೀಯ ಚಟುವಟಿಕೆಗಳ ಕಾರಣದಿಂದ ರಷ್ಯಾದ ಆಳ್ವಿಕೆಯ ನಾಡಿಗೆ ಕಾಲಿಡುವಂತಿರಲಿಲ್ಲ. ಹಾಗಾಗಿ ಗಂಡಹೆಂಡತಿ 1898ರಲ್ಲಿ ಪ್ಯಾರಿಸ್ ಬಿಟ್ಟು ಆಸ್ಟ್ರಿಯಾದ ಪಾಲಿನ ಪೋಲೆಂಡಿಗೆ ಹೋದರು. ತಾತ್ರಾ ಪರ್ವತಗಳ ಬುಡದ ಜಾಕೊಪಾನೆಯಲ್ಲಿ ಕ್ಷಯರೋಗಿಗಳಿಗೆ ಆರೋಗ್ಯಧಾಮ ಕಟ್ಟಬೇಕೆಂಬುದು ಅವರ ಸಂಕಲ್ಪ. ಸ್ಟ್ರೆಪ್ಟೊಮೈಸಿನ್ ಬರಲು ಇನ್ನೂ ನಾಲ್ಕು ದಶಕಗಳಿದ್ದವು. ಬೆಟ್ಟದ ಗಾಳಿ, ವಿಶ್ರಾಂತಿ, ಒಳ್ಳೆಯ ಆಹಾರ ಇವೇ ಆಗಿನ ಔಷಧ. ಕ್ಷಯಕ್ಕೆ ತಾಯಿಯನ್ನು ಕೊಟ್ಟ ಮಗಳು ಆ ಕೆಲಸಕ್ಕೆ ಹೊರಟಾಗ ಮೇರಿ ತಡೆಯುವ ಹಾಗಿರಲಿಲ್ಲ. ಆದರೆ ಅಕ್ಕ ಹೋದ ಮೇಲೆ ಆಕೆಗೆ ಪ್ಯಾರಿಸ್ ಬರಿದಾಯಿತು. ಗಂಡ ಮತ್ತು ಮಗು ಬಿಟ್ಟರೆ ತನ್ನವರೆಂದು ಯಾರೂ ಉಳಿಯಲಿಲ್ಲವೆಂದು ಕಾಗದದಲ್ಲಿ ತೋಡಿಕೊಂಡಳು.

ಅದೇ ವರ್ಷ ಜುಲೈಯಲ್ಲಿ ಕ್ಯೂರಿ ದಂಪತಿಗಳು ಹೊಸ ಧಾತುವೊಂದನ್ನು ಪ್ರಕಟಿಸಿ, ನಕ್ಷೆಯಲ್ಲಿಲ್ಲದ ದೇಶದ ಹೆಸರನ್ನು ಅದಕ್ಕಿಟ್ಟರು: ಪೊಲೋನಿಯಂ. ಡಿಸೆಂಬರ್‌ನಲ್ಲಿ ರೇಡಿಯಂ ಬಂತು. (ರೇಡಿಯಂನ ಅರ್ಧಾಯು ಸುಮಾರು 1,600 ವರ್ಷ, ಅವರು ಕಂಡ ಪೊಲೋನಿಯಂನದು 138 ದಿನ ಮಾತ್ರ. ಬೇರ್ಪಡಿಸಲು ಹೊರಟಂತೆಲ್ಲ ಅದು ಕರಗಿಹೋಗುತ್ತಿತ್ತು. ಹೆಸರಿಟ್ಟ ಮಮತೆ ಹೆಚ್ಚು, ಕೈಗೆ ಸಿಕ್ಕಿದ್ದು ಕಡಿಮೆ.)

ಮರುವರ್ಷ, 1899ರ ಬೇಸಗೆಯ ರಜೆಯಲ್ಲಿ, ದಂಪತಿಗಳು ಜತೆಯಾಗಿ ಜಾಕೊಪಾನೆಗೆ ಹೊರಟರು. ಆ ರಜೆಗೆ ಎಷ್ಟು ಬೆಲೆಯಿತ್ತೆಂದು ತಿಳಿಯಬೇಕಾದರೆ ಷೆಡ್ಡನ್ನು ನೆನೆಯಬೇಕು. ಬೊಹೆಮಿಯಾದ ಗಣಿಯಿಂದ ತರಿಸಿದ ಪಿಚ್‌ಬ್ಲೆಂಡ್ ಅದಿರಿನ ಕಸ ಮೂಟೆಗಟ್ಟಲೆ ಬಿದ್ದಿತ್ತು. ರೇಡಿಯಂ ಇದೆಯೆಂದು ಹೇಳಿಯಾಗಿತ್ತು. ತೋರಿಸಿ ಎಂದು ರಸಾಯನಶಾಸ್ತ್ರಜ್ಞರು ಕಾದಿದ್ದರು. ಪಿಯರ್‌ಗೆ ಶಾಲೆಯ ಪಾಠ ಬೇರೆ. ಆದರೂ ಹೊರಟರು. ವಾರ್ಸಾದಿಂದ ತಂದೆ ಬಂದರು, ಅಲ್ಲಿ ವೈದ್ಯನಾಗಿದ್ದ ಅಣ್ಣ ಯೋಜೆಫ್ ಬಂದ, ಹೆಲೆನಾ ಬಂದಳು. ಬ್ರೋನ್ಯಾ ಅಲ್ಲೇ ಇದ್ದಳು. ನಾಲ್ಕು ಮಕ್ಕಳನ್ನೂ ಒಟ್ಟಿಗೆ ಕಂಡ ಆ ನಿವೃತ್ತ ಮೇಷ್ಟ್ರ ಸಂತೋಷ ಎಷ್ಟಿದ್ದಿರಬೇಕು, ಊಹಿಸಬಹುದು. ಗಡಿಗಳು ಒಡೆದ ಕುಟುಂಬ ಮೂರನೆಯವರ ನೆಲದಲ್ಲಿ ಕೂಡಿ ಉಂಡಿತು.

ಒಂದು ದಿನ ರಿಸಿ ಶಿಖರದ ಕಡೆ ಹತ್ತಿದರು. ಸುಮಾರು 2,500 ಮೀಟರ್ ಎತ್ತರದ ಬೆಟ್ಟ. ಇಂದಿನ ಪೋಲೆಂಡಿನಲ್ಲಿ ಅದಕ್ಕಿಂತ ಎತ್ತರದ ಜಾಗವಿಲ್ಲ. ಪಿಯರ್ ಸ್ವಭಾವತಃ ಮೌನಿ, ಹೊಗಳಿಕೆಯ ಮಾತು ಆತನ ಬಾಯಿಂದ ಬರುವುದು ಕಡಿಮೆ. ಆ ಸಂಜೆ ಆತ ಹೆಂಡತಿಗೆ ಪೋಲಿಷ್ ಭಾಷೆಯಲ್ಲೇ, ನಾಡು ಬಹಳ ಚೆಲುವಾಗಿದೆ, ಇದನ್ನು ಯಾಕೆ ಪ್ರೀತಿಸುತ್ತಾರೆಂದು ಈಗ ತಿಳಿಯಿತು ಎಂಬರ್ಥದ ಮಾತು ಹೇಳಿದನೆಂದು ಈವ್ ಬರೆಯುತ್ತಾಳೆ. ಐದು ವರ್ಷದ ಹಿಂದೆ, ಬಾರದೆ ಇದ್ದೀಯೆ ಎಂದು ಕಾಗದ ಬರೆದು ಅದೇ ನಾಡಿನಿಂದ ಆಕೆಯನ್ನು ಎಳೆದುತಂದವನು ಆತನೇ ತಾನೆ?

ಹಾಗಾದರೆ ಪ್ರತಿ ವರ್ಷ ಯಾಕೆ ಹೋಗಲಿಲ್ಲ ಎಂದು ವಿದ್ಯಾರ್ಥಿಗಳು ಕೇಳಬಹುದು. ಪ್ಯಾರಿಸಿನಿಂದ ವಾರ್ಸಾಕ್ಕೆ ನೇರ ಗೆರೆ ಎಳೆದರೂ ಸುಮಾರು 1,370 ಕಿಲೋಮೀಟರ್. ಆಗಿನ ರೈಲಿಗೆ ಹೋಗಲು ಎರಡು ದಿನದ ಮೇಲೆ, ಬರಲು ಅಷ್ಟೇ. ದುಡ್ಡು ಕಡಿಮೆ. 1900ರಿಂದ ಮೇರಿಯೂ ಸೆವ್ರ್ ಎಂಬಲ್ಲಿನ ಹೆಣ್ಣುಮಕ್ಕಳ ಶಿಕ್ಷಕ ತರಬೇತಿ ಶಾಲೆಯಲ್ಲಿ ಪಾಠಕ್ಕೆ ಸೇರಿದಳು. ಇಬ್ಬರೂ ಮೇಷ್ಟ್ರುಗಳೇ ಆದ ಮೇಲೆ ಉಳಿಯುವುದು ಬೇಸಗೆ ರಜೆ. ಆ ರಜೆಯನ್ನೂ ಅದಿರಿನ ಮೂಟೆಗಳು ಕೇಳುತ್ತಿದ್ದವು.

ತಂದೆ ದೂರದಿಂದಲೇ ಮಗಳ ಕೆಲಸವನ್ನು ಗಮನಿಸುತ್ತಿದ್ದರು. ಭೌತಶಾಸ್ತ್ರ ಕಲಿಸಿದವರಿಗೆ ಅದು ಅರ್ಥವಾಗುತ್ತಿತ್ತು ಕೂಡ. 1902ರಲ್ಲಿ ಮೇರಿ ಗ್ರಾಮಿನ ಹತ್ತನೇ ಒಂದು ಭಾಗದಷ್ಟು ಶುದ್ಧ ರೇಡಿಯಂ ಕ್ಲೋರೈಡ್ ಪಡೆದಳು. ರೇಡಿಯಂನ ಪರಮಾಣು ತೂಕ 225 ಎಂದು ಅಳೆದಳು (ಇಂದಿನ ಲೆಕ್ಕ 226). ಸುದ್ದಿ ವಾರ್ಸಾ ತಲುಪಿತು. ತಂದೆ ಉತ್ತರ ಬರೆದರು: ಕೊನೆಗೂ ಶುದ್ಧ ಲವಣ ನಿನ್ನ ಕೈಯಲ್ಲಿದೆ, ಪಟ್ಟ ಶ್ರಮ ಎಣಿಸಿದರೆ ಇದರಷ್ಟು ದುಬಾರಿಯ ಧಾತು ಇನ್ನಿಲ್ಲ, ಪಾಪ, ಇದಕ್ಕೆ ಬರೀ ಸೈದ್ಧಾಂತಿಕ ಬೆಲೆಯಷ್ಟೇ! ಬದುಕಿದ್ದರೆ ಕೆಲವೇ ವರ್ಷಗಳಲ್ಲಿ ಅದು ಕ್ಯಾನ್ಸರ್ ಚಿಕಿತ್ಸೆಗೆ ಆಸ್ಪತ್ರೆಗಳಲ್ಲಿ ಬಳಕೆಯಾದುದನ್ನು ನೋಡುತ್ತಿದ್ದರು. ಆ ಕಾಗದ ಬರೆದ ಆರನೆಯ ದಿನ, 1902ರ ಮೇ 14ರಂದು, ಅವರು ತೀರಿಕೊಂಡರು.

ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಗಿದೆ ಎಂಬ ಸುದ್ದಿ ಬಂದೊಡನೆ ಮೇರಿ ಹೊರಡಲು ಎದ್ದಿದ್ದಳು. ಪಾಸ್‌ಪೋರ್ಟಿನ ಕಾಗದಪತ್ರ ಸರಿಹೋಗಲು ಹೊತ್ತು ಹಿಡಿಯಿತು. ಆಮೇಲೆ ಎರಡೂವರೆ ದಿನದ ರೈಲು ದಾರಿ. ತಾನು ಬರುವ ತನಕ ಅಂತ್ಯಕ್ರಿಯೆ ತಡೆಯಿರಿ ಎಂದು ತಂತಿ ಕೊಟ್ಟಿದ್ದಳು. ಮನೆ ತಲುಪಿದಾಗ ಶವಪೆಟ್ಟಿಗೆ ಮುಚ್ಚಿತ್ತು. ತೆರೆಯಲೇಬೇಕೆಂದಳು; ತೆರೆದರು. ಆ ಮುಖದ ಮುಂದೆ ನಿಂತು ಆಕೆ ಕ್ಷಮೆ ಕೇಳಿದಳು. ಮರಳಿ ಬಂದು ಜತೆಗಿರುತ್ತೇನೆ ಎಂದಿದ್ದ ಮಗಳು ಪ್ಯಾರಿಸಿನಲ್ಲಿ ಉಳಿದದ್ದಕ್ಕೆ, ತಂದೆಯನ್ನು ಒಂಟಿ ಮಾಡಿದ್ದಕ್ಕೆ. ತಂದೆ ಹಾಗೆ ಎಣಿಸಿಯೇ ಇರಲಿಲ್ಲವೆಂದು ಅಣ್ಣ, ಅಕ್ಕಂದಿರು ಸಮಾಧಾನ ಹೇಳಿದರು. ಅದು ನಿಜವೂ ಇರಬೇಕು, ಮಗಳ ಹೆಸರು ಅವರಿಗೆ ಹೆಮ್ಮೆಯಾಗಿತ್ತು. ಆದರೆ ಇಂಥ ಸಮಾಧಾನ ಕೇಳಿ ಯಾವ ಮಕ್ಕಳು ಸಮಾಧಾನಗೊಂಡಿದ್ದಾರೆ?

ಮುಂದಿನ ಪ್ರಯಾಣಗಳು ಕೀರ್ತಿಯ ಪ್ರಯಾಣಗಳು. 1903ರ ಜೂನ್‌ನಲ್ಲಿ ಲಂಡನ್ನಿಗೆ ಕರೆ ಬಂತು. ಹಿರಿಯ ಸ್ನೇಹಿತ ಲಾರ್ಡ್ ಕೆಲ್ವಿನ್, ಪಿಯರ್‌ನ ಉಪನ್ಯಾಸದಲ್ಲಿ ಮೇರಿಯ ಪಕ್ಕದಲ್ಲೇ ಕುಳಿತಿದ್ದ. ಔತಣಕೂಟಗಳಲ್ಲಿ ಹೆಂಗಸರ ವಜ್ರದ ಹಾರಗಳನ್ನು ನೋಡುತ್ತ ಪಿಯರ್, ಈ ಹಾರಕ್ಕೆ ಎಷ್ಟು ಪ್ರಯೋಗಶಾಲೆ ಕಟ್ಟಬಹುದು ಎಂದು ಮನಸ್ಸಿನಲ್ಲೇ ಗುಣಿಸುತ್ತಿದ್ದನಂತೆ. ಆ ವರ್ಷದ ಡಿಸೆಂಬರ್‌ನಲ್ಲಿ ನೊಬೆಲ್ ಪ್ರಶಸ್ತಿ ಬಂದಾಗ ಮೇರಿಗೆ ಆರೋಗ್ಯವಿರಲಿಲ್ಲ, ಪಾಠಗಳನ್ನು ಬಿಡುವಂತೆಯೂ ಇರಲಿಲ್ಲ. ಸ್ಟಾಕ್‌ಹೋಮಿಗೆ ಹೋದದ್ದು 1905ರ ಜೂನ್‌ನಲ್ಲಿ.

ಬಂದ ಬಹುಮಾನದ ಹಣ ಏನಾಯಿತು? ಮನೆಗೊಂದು ಸ್ನಾನದ ಕೋಣೆ ಬಂತು, ಒಂದು ಕೋಣೆಯ ಗೋಡೆಗೆ ಹೊಸ ಕಾಗದ ಅಂಟಿತು. ದೊಡ್ಡ ಮೊತ್ತವೊಂದು ಸಾಲವಾಗಿ ಜಾಕೊಪಾನೆಯ ಆರೋಗ್ಯಧಾಮಕ್ಕೆ ಹೋಯಿತು. ಇನ್ನೊಂದು ಸಣ್ಣ ಖರ್ಚಿದೆ, ಉಪಾಧ್ಯಾಯರಾದವರು ಓದಲೇಬೇಕಾದ್ದು. ಮೇರಿಗೆ ಹುಡುಗಿಯಾಗಿದ್ದಾಗ ಫ್ರೆಂಚ್ ಕಲಿಸಿದ ಉಪಾಧ್ಯಾಯಿನಿಯೊಬ್ಬರಿದ್ದರು. ಫ್ರಾನ್ಸಿನ ಡಿಯೆಪ್ ಎಂಬ ಕಡಲ ಊರಿನಲ್ಲಿ ಹುಟ್ಟಿ ಪೋಲೆಂಡಿನಲ್ಲಿ ನೆಲೆಸಿದ ಬಡವಿ. ಸಾಯುವ ಮುಂಚೆ ಒಮ್ಮೆ ಹುಟ್ಟೂರು ನೋಡಬೇಕೆಂಬ ಆಸೆ, ಕೈಯಲ್ಲಿ ಕಾಸಿಲ್ಲ. ಮೇರಿ ಆಕೆಯನ್ನು ಪ್ಯಾರಿಸಿಗೆ ಕರೆಸಿಕೊಂಡು, ಮನೆಯಲ್ಲಿ ಸತ್ಕರಿಸಿ, ವಾರ್ಸಾದಿಂದ ಡಿಯೆಪ್‌ವರೆಗಿನ ಪ್ರಯಾಣದ ಖರ್ಚನ್ನೆಲ್ಲ ಕೊಟ್ಟಳು. ತವರು ದೂರವಾದವಳಿಗೆ ತವರು ದೂರವಾದವಳ ಕಷ್ಟ ತಿಳಿಯುತ್ತದೆ.

1906ರ ಏಪ್ರಿಲ್ 19ರಂದು ಪ್ಯಾರಿಸಿನ ಬೀದಿಯಲ್ಲಿ ಕುದುರೆ ಗಾಡಿಗೆ ಸಿಕ್ಕಿ ಪಿಯರ್ ಸತ್ತ. ಈ ಸಲ ರೈಲು ಹತ್ತಿದವರು ಆ ಕಡೆಯವರು: ಪೋಲೆಂಡಿನಿಂದ ಯೋಜೆಫ್ ಬಂದ, ಬ್ರೋನ್ಯಾ ಬಂದಳು. ತಂಗಿ ಬಾಯಿಬಿಟ್ಟು ಅಳದೆ ಕಲ್ಲಿನಂತೆ ಓಡಾಡುತ್ತಿದ್ದ ದಿನಗಳಲ್ಲಿ ಅಕ್ಕ ಪಕ್ಕದಲ್ಲಿದ್ದಳು.

ಆಮೇಲೂ ಮೇರಿ ತವರಿನ ದಾರಿ ಹಿಡಿದದ್ದುಂಟು. 1911ರಲ್ಲಿ ಐರೀನ್, ಈವ್ ಇಬ್ಬರನ್ನೂ ಜಾಕೊಪಾನೆಗೆ ಕರೆದೊಯ್ದು ಅಪ್ಪ ಮೆಚ್ಚಿದ ಬೆಟ್ಟಗಳನ್ನು ತೋರಿಸಿದಳು. 1932ರಲ್ಲಿ, ಆ ಹೊತ್ತಿಗೆ ಸ್ವತಂತ್ರವಾಗಿದ್ದ ಪೋಲೆಂಡಿನ ವಾರ್ಸಾದಲ್ಲಿ ರೇಡಿಯಂ ಸಂಸ್ಥೆಯ ಉದ್ಘಾಟನೆಗೆ ಹೋದಳು. ಅದರ ಇಟ್ಟಿಗೆ ಇಟ್ಟಿಗೆಗೂ ಹಣ ಕೂಡಿಸಿ ಕಟ್ಟಿಸಿದವಳು ಬ್ರೋನ್ಯಾ. ಅದಕ್ಕೆ ಬೇಕಾದ ಒಂದು ಗ್ರಾಮ್ ರೇಡಿಯಂಗಾಗಿ ಅಮೆರಿಕಕ್ಕೆ ಹೋಗಿ ಹಣ ತಂದವಳು ಮೇರಿ. ಅದೇ ಆಕೆಯ ಕೊನೆಯ ವಾರ್ಸಾ ಪ್ರಯಾಣ.

1934ರ ಜುಲೈ 4ರಂದು ಮೇರಿ ತೀರಿಕೊಂಡಳು. ಮದುವೆಯಾದ ಊರಾದ ಸೋದಲ್ಲೇ, ಪಿಯರ್‌ನ ಸಮಾಧಿಯಲ್ಲೇ ಆಕೆಯನ್ನು ಇಳಿಸಿದರು. ವಾರ್ಸಾದಿಂದ ಬಂದ ಬ್ರೋನ್ಯಾ ಮತ್ತು ಯೋಜೆಫ್ ಪೋಲೆಂಡಿನಿಂದ ಹಿಡಿ ಮಣ್ಣು ತಂದಿದ್ದರು. ಅದನ್ನು ಗುಂಡಿಗೆ ಹಾಕಿ ಹೊರಟರು.