ಸಮಾಲೋಚನೆ: ಹಕ್ಕೂ ಹೌದು, ಹೊಣೆಯೂ ಹೌದು

1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ವಾರ್ಡ್ ಸಮಿತಿಗಳನ್ನು ಕಡ್ಡಾಯಗೊಳಿಸಿತು. ಅವುಗಳ ರಚನೆಯನ್ನು ಮಾತ್ರ ರಾಜ್ಯಗಳಿಗೆ ಬಿಟ್ಟಿತು. ಸಮಿತಿಗಳು ಹಿಂಬಾಲಕರ ಕೂಟವಾಗಲು ಈ ಸಡಿಲಿಕೆಯೇ ದಾರಿಯಾಯಿತು.

ಬೆಂಗಳೂರು ಪಾಲಿಕೆಯ ಚುನಾಯಿತ ಮಂಡಳಿಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 2025ರಲ್ಲಿ ಅದು ಐದು ಪಾಲಿಕೆಗಳಾಗಿ ವಿಭಜನೆಗೊಳ್ಳುವವರೆಗೂ ಚುನಾವಣೆ ನಡೆಯಲಿಲ್ಲ. ಹೀಗಿರುವಾಗ, ಸಮಿತಿಗಳ ಪುನಾರಚನೆ ಕೇವಲ ಸದಸ್ಯರ ಹೆಸರು ಬದಲಿಸುವ ಕಸರತ್ತಾಗಬಾರದು. ಮಹಿಳೆಯರಿಗೆ, ಬಾಡಿಗೆದಾರರಿಗೆ, ಕೊಳೆಗೇರಿಯ ನಿವಾಸಿಗಳಿಗೆ ಅಲ್ಲಿ ಸ್ಥಾನವಿರಬೇಕು. ಸಭೆಯ ನಡಾವಳಿ ಬಹಿರಂಗವಾಗಬೇಕು.

ಜೊತೆಗೆ ನಾವು ಆತ್ಮಾವಲೋಕನವನ್ನೂ ನಡೆಸಬೇಕಾಗಿದೆ. ಪವಿತ್ರ ಕುರ್‌ಆನಿನ ಒಂದು ಅಧ್ಯಾಯಕ್ಕೆ ‘ಶೂರಾ’, ಅಂದರೆ ಸಮಾಲೋಚನೆ ಎಂದೇ ಹೆಸರು. ಆದರೆ ಮೊಹಲ್ಲಾದ ಚರಂಡಿಯ ಬಗ್ಗೆ ಮಸೀದಿಯ ಅಂಗಳದಲ್ಲಿ ಗೊಣಗುವ ನಮ್ಮಲ್ಲಿ ಎಷ್ಟು ಮಂದಿ ವಾರ್ಡ್ ಸಭೆಗೆ ಹೋಗಿದ್ದೇವೆ? ಖಾಲಿ ಬಿಟ್ಟ ಕುರ್ಚಿಯಲ್ಲಿ ಇನ್ನೊಬ್ಬರು ಕುಳಿತರೆ ದೂರುವ ಹಕ್ಕು ನಮಗೆಲ್ಲಿದೆ?